ಅಜ್ಜೀ, ಸತ್ತೆ

"ತಲೆ ಕಡೆ ಎತ್ತಿ... ಇನ್ನೂ ಸ್ವಲ್ಪ. ಸಾಕು ಸಾಕು, ಗೋಡೆಗೆ ತಾಗ್ತಿದೆ. ಇಳಿಸಿಬಿಡಿ," ಎಂದ ಶವದ ಗಾಡಿಯ ಡ್ರೈವರ್.

ಮೂವರೂ ಏದುಸಿರು ಬಿಡುತ್ತ ಸ್ಟ್ರೆಚರನ್ನು ಮತ್ತೆ ಬಾಗಿಲ ಮುಂದೆ ತಂದು ಇಳಿಸಿದರು. ಮೂರನೇ ಮಹಡಿ. ಲಿಫ್ಟ್ ಕೆಟ್ಟು ಎಷ್ಟು ಕಾಲವಾಗಿತ್ತೆಂದರೆ ಅದರ ಬಾಗಿಲಿಗೆ ಯಾರೋ ಬಟ್ಟೆ ಒಣಹಾಕುವ ಹಗ್ಗ ಕಟ್ಟಿಕೊಂಡಿದ್ದರು. ಮೆಟ್ಟಿಲು ತಿರುಗುವ ಕಡೆ ಜಾಗ ಕಿರಿದು. ಅಲ್ಲಿ ಸ್ಟ್ರೆಚರನ್ನು ಓರೆ ಮಾಡಿ, ಕಂಬಿಯ ಮೇಲಿಂದ ದಾಟಿಸಬೇಕು. ನಾಲ್ಕು ಮೂಲೆಗೆ ನಾಲ್ವರಿಲ್ಲದೆ ಆಗುವ ಕೆಲಸವಲ್ಲ. ಇದ್ದವರು ಡ್ರೈವರ್, ಸತ್ತವನ ತಮ್ಮ, ಮತ್ತು ಸತ್ತವನು ಕೆಲಸ ಮಾಡುತ್ತಿದ್ದ ಆಸ್ಪತ್ರೆಯ ವಾಚ್‌ಮನ್.

"ಇನ್ನೊಂದು ಕೈ ಬೇಕು ಸಾರ್," ಎಂದ ಡ್ರೈವರ್. "ಬೇಗ ಯಾರನ್ನಾದ್ರೂ ಕರ್ಕೊಂಬನ್ನಿ. ನಂಗೆ ಇನ್ನೊಂದು ಮನೆಗೆ ಹೋಗೋದಿದೆ."

ತಮ್ಮ ಬೆವರು ಒರೆಸಿಕೊಂಡ. ಅಣ್ಣ ಸತ್ತ ದುಃಖಕ್ಕಿಂತ ಅಣ್ಣ ತಂದಿಟ್ಟ ಪೇಚು ಅವನ ಮುಖದಲ್ಲಿ ಎದ್ದು ಕಾಣುತ್ತಿತ್ತು. "ನೋಡಕ್ಕ, ಇಷ್ಟು ವರ್ಷ ಬದುಕಿ ನಾಲ್ಕು ಜನಾನ ಸಂಪಾದಿಸ್ಲಿಲ್ಲ ಇವನು. ಡ್ಯೂಟಿ ಮುಗೀತು, ಬಂದ, ಆ ಡಬ್ಬದ ಮುಂದೆ ಕೂತ. ಇನ್ನು ಹೊರೋಕೆ ಯಾರು ಬರ್ತಾರೆ?"

"ಇದ್ರು," ಎಂದಳು ಬಾಗಿಲಲ್ಲಿ ನಿಂತಿದ್ದ ಅಕ್ಕ. "ನಾಲ್ಕಲ್ಲ, ಜಾಸ್ತೀನೇ ಇದ್ರು."

"ಎಲ್ಲಿದ್ರು?"

ಅಕ್ಕ ಒಳಕೋಣೆಯ ಕಡೆ ನೋಡಿದಳು. ಅದು ಉತ್ತರವೆಂದು ತಮ್ಮನಿಗೆ ಅನ್ನಿಸಲಿಲ್ಲ.

ವಾಚ್‌ಮನ್ ಸ್ಟ್ರೆಚರಿನ ಬಳಿ ಕುಕ್ಕರುಗಾಲಲ್ಲಿ ಕೂತು ಹೊದಿಕೆ ಸರಿಮಾಡಿದ. "ಹಂಗನ್ಬೇಡಿ ಸಾರ್. ಡ್ರೆಸ್ಸರ್ ಕೈ ತುಂಬಾ ಹಗುರ ಅಂತಿದ್ರು ಜನ. ನಮ್ಮತ್ತೆ ಕಾಲಿಗೆ ಕಟ್ಟು ಕಟ್ಟಿದ್ದು ಇವರೇ."

"ಈಗ ಹೆಂಗಿದಾರೆ?" ಎಂದ ತಮ್ಮ.

"ಹೋಗ್ಬಿಟ್ರು," ಎಂದ ವಾಚ್‌ಮನ್.

ಕೆಳಗಿನ ಅಂಗಡಿಯವನನ್ನು ಕೇಳಿ ಬರುತ್ತೇನೆಂದು ತಮ್ಮ ಚಪ್ಪಲಿ ಮೆಟ್ಟಿದ. ಎರಡು ಮೆಟ್ಟಿಲು ಇಳಿದವನು ತಿರುಗಿ, ನಿನ್ನೆಯಿಂದ ಬಾಯಲ್ಲೇ ಇಟ್ಟುಕೊಂಡಿದ್ದುದನ್ನು ಕೇಳಿದ: "ಅಕ್ಕ, ನೀನು ಮನೇಲೇ ಇದ್ದೆ ತಾನೇ? ಅವನು ಕೂಗಲೇ ಇಲ್ವಾ?"

"ಕೂಗ್ದ."

"ಏನಂತ?"

"ದಿನಾ ಕೂಗೋ ಹಾಗೇ," ಎಂದಳು ಅಕ್ಕ.

*

ಅವನು ಡ್ರೆಸ್ಸರ್. ಗಾಯ ತೊಳೆದು ಕಟ್ಟುವ ಕೆಲಸ. ಅದಕ್ಕಿದ್ದ ಕೋಣೆ ಆಸ್ಪತ್ರೆಯ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ಜಾಗದ ಪಕ್ಕದಲ್ಲಿತ್ತು. ಹೊಸ ಗಾಯದವರು ಅಲ್ಲಿಗೆ ಬರುವುದು ಕಡಿಮೆ. ಬರುವವರೆಲ್ಲ ಹಳಬರು: ಸಕ್ಕರೆ ಕಾಯಿಲೆಯ ಕಾಲುಗಳು, ಮಲಗಿ ಮಲಗಿ ಬೆನ್ನು ಹುಣ್ಣಾದವರು. ಅಂಟಿಕೊಂಡ ಪಟ್ಟಿಯನ್ನು ಉಪ್ಪುನೀರಲ್ಲಿ ನೆನೆಸಿ, ನೆನೆಸಿ, ಒಂದೊಂದೇ ಎಳೆ ಬಿಡಿಸಬೇಕು. ಬಿಡಿಸುವಾಗ ಅವರು ಬೈಯುತ್ತಾರೆ. "ಆಯ್ತು ಆಯ್ತು, ಮುಗೀತು" ಎಂದು ಇವನು ಸುಳ್ಳು ಹೇಳುತ್ತಾನೆ. ನಾಳೆ ಅದೇ ಕಾಲು, ಅದೇ ಬೈಗುಳ. ಮಾಯುವ ಗಾಯ ಮನೆಯಲ್ಲೇ ಮಾಯುತ್ತದೆ. ಮಾಯದ್ದು ಮಾತ್ರ ಇವನ ಪಾಲಿಗೆ.

ಮನೆಗೆ ಬಂದು, ಕೈ ಉಜ್ಜಿ ಉಜ್ಜಿ ತೊಳೆದು, ತಟ್ಟೆ ಹಿಡಿದುಕೊಂಡೇ ಅವನು ಕಂಪ್ಯೂಟರ್ ಮುಂದೆ ಕೂರುತ್ತಿದ್ದ. ಅದರೊಳಗೆ ಒಂದು ದೊಡ್ಡ ಲೋಕ. ಎಲ್ಲೆಲ್ಲಿಂದಲೋ ಜನ ತಮ್ಮ ತಮ್ಮ ಮನೆಯಲ್ಲಿ ಕೂತು ಅಲ್ಲಿ ಒಂದೊಂದು ವೇಷ ತೊಟ್ಟು ಸೇರುತ್ತಾರೆ, ಗುಂಪು ಕಟ್ಟಿಕೊಂಡು ರಾಕ್ಷಸರ ಮೇಲೆ ಏರಿ ಹೋಗುತ್ತಾರೆ. ಇವನ ವೇಷ ಧರ್ಮಯೋಧನದು. ಆಳೆತ್ತರದ ಕತ್ತಿ, ಬೀಸಿದರೆ ಬಂಗಾರದ ಬೆಳಕು. ಧರ್ಮಯೋಧನಿಗೆ ಮೂರು ದಾರಿ: ಗಾಯ ಮಾಯಿಸಬಹುದು, ಗುರಾಣಿ ಹಿಡಿದು ಏಟು ತಡೆಯಬಹುದು, ಇಲ್ಲವೇ ಸುಮ್ಮನೆ ಹೊಡೆಯಬಹುದು. ಮಾಯಿಸುವವರನ್ನೂ ತಡೆಯುವವರನ್ನೂ ಎಲ್ಲ ಗುಂಪುಗಳೂ ಕೈ ಮುಗಿದು ಕರೆಯುತ್ತವೆ. ಹೊಡೆಯುವವರು ಬೀದಿಗೊಬ್ಬರು. ಅವರು ಸರದಿ ಬರುವವರೆಗೆ ಕಾಯುತ್ತ ನಿಲ್ಲಬೇಕು.

ಇವನು ಹೊಡೆಯುವುದನ್ನೇ ಆರಿಸಿಕೊಂಡು ಕಾಯುತ್ತ ನಿಲ್ಲುತ್ತಿದ್ದ.

ಅಕ್ಕ ಮನೆಯಲ್ಲೇ ಪರದೆ ಹೊಲಿದುಕೊಡುತ್ತಿದ್ದಳು. ಅವನ ಕೋಣೆಯ ಬಾಗಿಲ ಪಕ್ಕದಲ್ಲೇ ಅವಳ ಮಿಷನ್ನು. ಒಮ್ಮೆ ದಾರ ಪೋಣಿಸುತ್ತ ಕೇಳಿದ್ದಳು. "ಅಷ್ಟೊತ್ತಿಂದ ಕಂಬದ ಹಾಗೆ ನಿಂತಿದೀಯಲ್ಲೋ. ಮಾಯಿಸೋನಾದ್ರೆ ತಕ್ಷಣ ಕರೀತಾರೆ ಅಂದೆ. ನಿನಗೆ ಬರೋ ಕೆಲಸ ತಾನೇ ಅದು?"

"ಅಲ್ಲೂ ಅದೇನಾ?" ಎಂದು ಅವನು ನಕ್ಕಿದ್ದ. ಆಮೇಲೆ ನಗು ಬಿಟ್ಟು ಹೇಳಿದ್ದ: "ಇಲ್ಲಿ ಹೊಡೆದ್ರೆ ಬೀಳುತ್ತೆ ಅಕ್ಕ. ಬಿದ್ದಿದ್ದು ಕಣ್ಣಿಗೆ ಕಾಣುತ್ತೆ. ನನ್ನ ಕೈಯಲ್ಲಿ ಇನ್ನೇನು ಮುಗಿಯುತ್ತೆ, ಹೇಳು."

ಗುಂಪಿನವರು ಅವನಿಗೆ ಏಟುಸ್ವಾಮಿ ಎಂದು ಹೆಸರಿಟ್ಟಿದ್ದರು. ದೇವರ ಹೆಸರು ಹೇಳಿಕೊಂಡು ಬರೀ ಏಟು ಹಾಕುವವನು ಎಂದು. ಗುಂಪಿನಲ್ಲಿ ಗಾಯ ಮಾಯಿಸುವ ಒಬ್ಬಳಿದ್ದಳು. ಅವಳ ವಯಸ್ಸು, ಊರು, ಅವಳು ಹೆಣ್ಣೋ ಗಂಡೋ ಎನ್ನುವುದು ಕೂಡ ಯಾರಿಗೂ ಗೊತ್ತಿಲ್ಲ. ಸದಾ ಗೊಣಗುತ್ತಾಳೆಂದು ಎಲ್ಲರಿಗೂ ಅಜ್ಜಿ. ಏಟುಸ್ವಾಮಿ ಮುಂದುಮುಂದಕ್ಕೆ ನುಗ್ಗಿ ಬೀಳುವುದು, ಅಜ್ಜಿ ಬಂದು ಅವನ ಮೇಲೆ ಕೈಯಿಟ್ಟು ಎಬ್ಬಿಸುವುದು. ಇದು ನಿತ್ಯದ ಪಾಡಾಗಿತ್ತು.

ಬಿದ್ದಾಗಲೆಲ್ಲ ಅವನು ಮೈಕಿನಲ್ಲಿ ಕೂಗುತ್ತಿದ್ದ: "ಅಜ್ಜೀ, ಸತ್ತೆ!"

ಮೊದಲ ಸಲ ಅದನ್ನು ಕೇಳಿ ಅಕ್ಕ ಕೈಯಲ್ಲಿದ್ದ ಕತ್ತರಿಯ ಸಮೇತ ಓಡಿಬಂದಿದ್ದಳು. ಅವನು ನಕ್ಕು ನಕ್ಕು ಕುರ್ಚಿಯಿಂದ ಬೀಳುವಂತಾಗಿದ್ದ. "ಇಲ್ಲಿ ಸತ್ತೆ ಅಂದ್ರೆ ಬಾ ಅಂತ ಅರ್ಥ ಅಕ್ಕ, ಅಷ್ಟೇ." ಅವಳು ತಲೆಗೊಂದು ಮೊಟಕಿದ್ದಳು. ಆಮೇಲಾಮೇಲೆ ಅದು ಅವಳ ಕಿವಿಗೆ ಬೀಳುವುದೇ ನಿಂತಿತು. ಗಡಿಯಾರದ ಸದ್ದು ಯಾರಿಗೆ ಕೇಳುತ್ತದೆ?

*

ಅಂಗಡಿಯವನಿಗೆ ಗಿರಾಕಿಗಳಿದ್ದರು. ಎರಡನೇ ಮಹಡಿಯವರಿಗೆ ಸೊಂಟ ನೋವು. ಎದುರುಮನೆಯ ಬಾಗಿಲು ಬಡಿದರೆ ಒಳಗೆ ಟೀವಿ ಆರಿತೇ ಹೊರತು ಯಾರೂ ತೆಗೆಯಲಿಲ್ಲ. ತಮ್ಮ ಇಷ್ಟನ್ನೂ ಮೆಟ್ಟಿಲಿನಿಂದಲೇ ಕೂಗಿ ಹೇಳಿ, ಆಚೆ ಬೀದಿಯಲ್ಲಿ ನೋಡಿ ಬರಲು ಹೋದ.

ಅಕ್ಕ ಒಳಕೋಣೆಗೆ ಹೋಗಿ ಕಂಪ್ಯೂಟರ್ ಹಾಕಿದಳು.

ಅವರಿಗೆ ಹೇಳಬೇಕು. ಅದೊಂದೇ ಅವಳ ತಲೆಯಲ್ಲಿದ್ದದ್ದು. ಇಷ್ಟು ವರ್ಷ ಇವನು ಸತ್ತೆ ಅಂದಾಗಲೆಲ್ಲ ಓಡೋಡಿ ಬಂದವರು. ಅವನನ್ನು ಕೆಳಗಿಳಿಸುವ ಮೊದಲು ಅವರ ಬಾಯಿಂದ ಒಂದು 'ಅಯ್ಯೋ' ಬರಬೇಕು. ಈ ಮನೆಯಲ್ಲಿ ನಿನ್ನೆಯಿಂದ ಅದನ್ನು ಯಾರೂ ಅಂದಿರಲಿಲ್ಲ. ಡಾಕ್ಟರ್ "ಹಾರ್ಟು" ಅಂದರು, ತಮ್ಮ "ಅಂದ್ಕೊಂಡಿದ್ದೆ" ಅಂದ.

ಕತ್ತಿಯ ಚಿತ್ರ ಒತ್ತಿದಳು. ಗುಟ್ಟಿನ ಪದವನ್ನು ಯಂತ್ರವೇ ನೆನಪಿಟ್ಟುಕೊಂಡಿತ್ತು. ಏಟುಸ್ವಾಮಿ ಊರ ಬಾಗಿಲ ಬಳಿ, ನಿನ್ನೆ ನಿಂತಲ್ಲೇ ನಿಂತಿದ್ದ. ಎದೆ ಮೆಲ್ಲಗೆ ಏರುತ್ತಿತ್ತು, ಇಳಿಯುತ್ತಿತ್ತು. ತಲೆಯ ಮೇಲೆ ಪ್ರಾಣದ ಹಸಿರು ಪಟ್ಟಿ ತುಂಬಿತ್ತು.

ಅಕ್ಕನಿಗೆ ನೋಡಲಾಗಲಿಲ್ಲ.

ನಿನ್ನೆ ಮಧ್ಯಾಹ್ನ ಅವಳು ಪರದೆಯ ಅಂಚು ಮಡಿಸುತ್ತಿದ್ದಳು. ಉದ್ದದ ಹೊಲಿಗೆ, ನಡುವೆ ನಿಲ್ಲಿಸಿದರೆ ಸೊಟ್ಟಗಾಗುತ್ತದೆ. ಒಳಗಿಂದ "ಸತ್ತೆ" ಅಂತ ಕೇಳಿತು. ಅವಳು ಪೆಡಲು ತುಳಿದಳು. ಅಂಚು ಮುಗಿದು ದಾರ ಕತ್ತರಿಸುವಾಗಲಷ್ಟೇ, ಅವನು ಅಜ್ಜೀ ಅನ್ನಲಿಲ್ಲ, ಅಕ್ಕಾ ಅಂದ ಎನ್ನುವುದು ಹೊಳೆಯಿತು. ಹೊಲಿಗೆ ಮಾತ್ರ ನೆಟ್ಟಗೆ ಬಂದಿತ್ತು.

ಅವರೆಲ್ಲ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯುವುದನ್ನು ಅವಳು ಹಿಂದೆ ನಿಂತು ನೋಡಿದ್ದಳು. ಒಂದೇ ಬೆರಳಲ್ಲಿ, ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. 'ಏಟುಸ್ವಾಮಿ ಸತ್ತ.' ಆ ಮಾತು ಅವನ ಹೆಸರಿನಿಂದಲೇ ಹೋಯಿತು.

ತಕ್ಷಣ ಉತ್ತರ ಬಂತು.

'ಸ್ವಾಮಿಗಳು ಸತ್ತರಂತೆ.'

'ನಿನ್ನೆಯಿಂದ ನಾಪತ್ತೆ, ಬಂದ ಕೂಡಲೇ ಸಾವು.'

'ಎಲ್ಲಿ ಬಿದ್ದಿದ್ದೀರಿ? ಅಲುಗಾಡಬೇಡಿ, ಬಂದೆ.' ಇದು ಅಜ್ಜಿ.

ಅಕ್ಕ 'ನಿಜವಾಗಲೂ ಸತ್ತ' ಎಂದು ಒತ್ತಿ ಕಳಿಸಿದಳು. ಅದು ಹೋಗುವಷ್ಟರಲ್ಲಿ ಅಜ್ಜಿ ಬಂದೇ ಬಿಟ್ಟಿದ್ದಳು: ಬಿಳಿ ನಿಲುವಂಗಿಯ ಸಣ್ಣ ಹುಡುಗಿಯ ವೇಷ. ಹಿಂದೆಯೇ ಇನ್ನೂ ನಾಲ್ವರು. ಎಲ್ಲರೂ ಸುತ್ತ ನಿಂತರು. ಅಜ್ಜಿ ಎರಡೂ ಕೈ ಎತ್ತಿ ಏಟುಸ್ವಾಮಿಯ ಮೇಲಿಟ್ಟಳು. ಬೆಳಕು ಸುರಿಯಿತು. ತುಂಬಿದ ಪಟ್ಟಿಗೆ ಇನ್ನೇನು ತುಂಬೀತು?

'ಗುಂಡುಕಲ್ಲಿನ ಹಾಗೆ ನಿಂತಿದ್ದೀರಲ್ಲ ಮಾರಾಯರೇ. ಸುಳ್ಳು ಹೇಳಿ ಓಡಿಸಿದಿರಿ,' ಎಂದು ಅಜ್ಜಿ ಗೊಣಗಿದಳು. ಆಮೇಲೆ, 'ಬಂದದ್ದು ಒಳ್ಳೆಯದೇ ಆಯಿತು. ಹೊಡೆಯುವವರು ಒಬ್ಬರು ಕಡಿಮೆ ಇದ್ದಾರೆ. ಬರುತ್ತೀರಾ?'

ಜೀವನವಿಡೀ ಸರದಿಯಲ್ಲಿ ನಿಂತವನನ್ನು ಇವತ್ತು ಅವರಾಗಿ ಬಂದು ಕರೆಯುತ್ತಿದ್ದರು.

ಅಕ್ಕ ಬರೆಯತೊಡಗಿದಳು. 'ನಾನು ಅವನ ಅ' ಎನ್ನುವವರೆಗೆ ಬಂದಿತ್ತು.

"ಅಕ್ಕ!" ಬಾಗಿಲಿಂದ ತಮ್ಮನ ದನಿ. "ಯಾರೂ ಸಿಗ್ಲಿಲ್ಲ. ಗಾಡಿಯವನು ಹೊರಡ್ತೀನಿ ಅಂತಿದಾನೆ. ನೀನೇ ಒಂದು ಕಡೆ ಹಿಡ್ಕೋ ಬಾ." ಕಂಪ್ಯೂಟರ್ ನೋಡಿದವನು ಅಲ್ಲೇ ನಿಂತ. "ಇವತ್ತೂ ಇದೇನಾ? ನಿನಗೂ ಹಿಡೀತಾ ಈ ಹುಚ್ಚು?"

"ಬಂದೆ," ಎಂದಳು ಅಕ್ಕ. "ಒಂದೇ ಒಂದು ಮಾತು—"

"ಅಮ್ಮಾ, ನಾನು ನಿಲ್ಲಲ್ಲ," ಎಂದು ಡ್ರೈವರ್ ಹೊರಗಿನಿಂದ ಕೂಗಿದ.

ಅವಳು ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕಾಲಿನ ಕಡೆಯ ಎಡ ಮೂಲೆ ಹಿಡಿದಳು. ಇಷ್ಟು ಭಾರವಿದ್ದಾನೆಂದು ಅವಳಿಗೆ ತಿಳಿದಿರಲಿಲ್ಲ.

"ಮೆಲ್ಲಗೆ ತಾಯಿ," ಎಂದ ವಾಚ್‌ಮನ್. "ತಿರುವಲ್ಲಿ ಮೇಲೆತ್ತಿ. ಹಾಂ, ಹಂಗೇ. ಆಯ್ತು ಆಯ್ತು, ಮುಗೀತು."

ಸ್ಟ್ರೆಚರ್ ಕಂಬಿಯನ್ನು ದಾಟಿ ಕೆಳಗಿಳಿಯಿತು.

ಒಳಕೋಣೆಯ ಕಂಪ್ಯೂಟರಿನಲ್ಲಿ 'ಬರುತ್ತೀರಾ?' ಎನ್ನುವ ಪ್ರಶ್ನೆ ಹಾಗೇ ಇತ್ತು, ಅದರ ಕೆಳಗೆ ಕಳಿಸದ ಸಾಲು. ತುಸು ಹೊತ್ತು ಕಾದು ನಾಲ್ವರು ಹೊರಟುಹೋದರು. ಯಾರೂ ಆಡಿಸದೆ ಬಿಟ್ಟರೆ ಆ ಆಟದಲ್ಲಿ ವೇಷಗಳು ತಾವಾಗಿ ಕೂರುತ್ತವೆ. ಏಟುಸ್ವಾಮಿ ಕತ್ತಿಯನ್ನು ಪಕ್ಕಕ್ಕಿಟ್ಟು ನೆಲದ ಮೇಲೆ ಕೂತ. ಅಜ್ಜಿ ಅವನ ಸುತ್ತ ಒಂದು ಸಲ ಬಂದು, ತಾನೂ ಪಕ್ಕದಲ್ಲೇ ಕೂತಳು.

'ಊಟಕ್ಕೆ ಎದ್ದಿರಾ?' ಎಂದು ಕೇಳಿದಳು. 'ಪರವಾಗಿಲ್ಲ, ಕಾಯ್ತೀನಿ.'