ಹೌದು ಒತ್ತುವ ಕೆಲಸ

ಸಾಹುಕಾರ ಸಿದ್ದರಾಮಪ್ಪನವರು ತಮ್ಮ ಕೊಡೆಯನ್ನು ತಾವೇ ಹಿಡಿದದ್ದನ್ನು ನಾಚಾರಂ ಕೈಗಾರಿಕಾ ಬಡಾವಣೆಯಲ್ಲಿ ಯಾರೂ ಕಂಡಿರಲಿಲ್ಲ. ಕಾರಿನ ಬಾಗಿಲು ತೆಗೆಯಲು ಒಬ್ಬ, ಊಟದ ಡಬ್ಬಿ ಹೊರಲು ಒಬ್ಬ, ಕನ್ನಡಕ ಒರೆಸಲು ಸುಮತಿ. ಎಂಟನೆಯ ತರಗತಿಗೆ ಶಾಲೆ ಬಿಟ್ಟ ಸುಮತಿ ಅವರ ಕಾರ್ಖಾನೆಯಲ್ಲಿ ಕಸ ಗುಡಿಸಿ, ಚಹಾ ಕೊಟ್ಟು, ಬಾಗಿಲ ಮರೆಯಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದಳು. ಅವಳ ಜೀವವೆಲ್ಲ ಇದ್ದದ್ದು ಆಫೀಸು ಕೋಣೆಯ ಕಂಪ್ಯೂಟರಿನ ಮುಂದಿನ ಕುರ್ಚಿಯ ಮೇಲೆ. ಅಲ್ಲಿ ಕೂರುತ್ತಿದ್ದವಳು ಮದುವೆಯಾಗಿ ಹೋದ ಮೇಲೆ ಅದು ಎರಡು ತಿಂಗಳಿಂದ ಖಾಲಿ.

ದೊಡ್ಡ ಕಂಪನಿಯೊಂದಕ್ಕೆ ಯಂತ್ರದ ಬಿಡಿಭಾಗ ಮಾಡಿಕೊಡುವ ಕಾರ್ಖಾನೆ ಅದು. ಭಾಗಗಳ ನಕ್ಷೆಗಳು ಹೊರಗಿನವರ ಕಣ್ಣಿಗೆ ಬೀಳುವಂತಿಲ್ಲ. ಸಾಹುಕಾರರಿಗೆ ಮಣಿಕೊಂಡದ ಮನೆಯಲ್ಲಿ ಕೂತೇ ಅವನ್ನು ನೋಡುವ ಆಸೆ. ಅದಕ್ಕಾಗಿ ವಿಪಿಎನ್ ಹಾಕಿಕೊಡಲು ವೈಭವ ಎಂಬ ಕಂಪ್ಯೂಟರ್ ಹುಡುಗ ಬಂದ.

"ಬ್ಯಾರೆ ಯಾರಿಗೂ ಕಾಣದ ಒಳದಾರಿ ಇದ್ದಂಗ ಸಾಹೇಬ್ರ. ಪಾಸ್‌ವರ್ಡ್ ಅಂದ್ರ ಕೀಲಿ. ಕೀಲಿ ಹಾಕಿದ ಮ್ಯಾಲೆ ಈ ಸಣ್ಣ ಫೋನ್ ಕೇಳತೈತಿ, ಒಳಗ ಬರಾಕತ್ತಾವ್ರು ನೀವ ಏನು ಅಂತ. ನೀವಾಗಿದ್ರ 'ಹೌದು' ಒತ್ರಿ. ಬ್ಯಾರೆ ಯಾರರ ಆಗಿದ್ರ 'ಅಲ್ಲ' ಒತ್ರಿ."

ಸಾಹುಕಾರರು ಪಾಸ್‌ವರ್ಡಿಗೆ ಮನೆದೇವರ ಹೆಸರಿಟ್ಟರು.

"ಭಾಳ ಸುಲಭ ಆತ್ರಿ. ಯಾರಾದ್ರೂ ಊಹಿಸ್ತಾರ."

"ದೇವರ ಹೆಸರು ಮುರಿಯಾಂವ ಇನ್ನ ಹುಟ್ಟಿಲ್ಲೋ ತಮ್ಮಾ!"

ಫೋನು ತಮ್ಮ ಕೈಯಲ್ಲೇ ಇರುತ್ತದೆಂದು ಕಂಪನಿಯ ಕಾಗದಕ್ಕೆ ಸಹಿ ಹಾಕಿದರು. ವೈಭವ ಗೇಟು ದಾಟುವ ಮೊದಲೇ ಫೋನು ಸುಮತಿಯ ಕೈಗೆ ಬಂತು.

"ಗುಂಯ್ ಅಂದ್ರ 'ಹೌದು' ಒತ್ತೂದು, ಅಷ್ಟ. ಒಂದು ತಿಂಗಳು ತಪ್ಪದಂಗ ಒತ್ತು, ಆ ಕುರ್ಚಿ ನಿಂದು."

ಸುಮತಿ ಬಸ್ಸಿನಲ್ಲಿ ನೇತಾಡುತ್ತಾ ಒತ್ತಿದಳು, ಹಿಟ್ಟಿನ ಕೈ ಒರೆಸಿಕೊಂಡು ಒತ್ತಿದಳು. ಸ್ನಾನಕ್ಕೆ ಹೋದಾಗ ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಗೂಟಕ್ಕೆ ತೂಗುಹಾಕಿದಳು. ಎರಡನೆಯ ಭಾನುವಾರ ಅದು ಮೂರು ಸಲ ಬೆನ್ನುಬೆನ್ನಿಗೆ ಗುಂಯ್‌ಗುಟ್ಟಿತು. ವೈಭವನ ಮಾತು ನೆನಪಾಗಿ ಅವಳು ಸಾಹುಕಾರರಿಗೆ ಫೋನ್ ಮಾಡಿದಳು: "ನೀವ ಏನ್ರೀ?" ಅವರೇ ಆಗಿದ್ದರು.

ಸೋಮವಾರ ಅವಳನ್ನು ಲೇತ್ ಯಂತ್ರಗಳ ನಡುವೆ ನಿಲ್ಲಿಸಿದರು.

"ನೋಡ್ರೆಪಾ, ಎಂಟನೇತ್ತಾ ದಾಟದಾಕಿ ನನಗ ಸವಾಲ್ ಹಾಕ್ತಾಳ. ನನ್ನ ಮನ್ಯಾಗ ನಾ ಹೋಗಾಕ ಈಕಿ ಪರ್ಮಿಷನ್ ಬೇಕಂತ! ನಾ ಯಾರು, ಹೇಳು."

"ಸಾವಕಾರ್ರು."

"ಕೇಳಸಲಿಲ್ಲ."

"ಸಾವಕಾರ್ರು!"

"ಆಧಾರ್ ಕಾರ್ಡ್ ತೋರಸ್ರಿ ಸಾವಕಾರ್ರ, ಇಲ್ಲಾಂದ್ರ ನಂಬೂದಿಲ್ಲ ಆಕಿ!" ಎಂದಿತು ಹಿಂದಿನಿಂದ ಒಂದು ದನಿ. ಶೆಡ್ಡಿಗೆ ಶೆಡ್ಡೇ ನಕ್ಕಿತು.

"ಇನ್ನೊಮ್ಮೆ ಕೇಳ್ತೀಯೇನು?"

"ಇಲ್ರಿ."

ನಗದೇ ಇದ್ದವನು ಮುದುಕ ಸುಬ್ಬಣ್ಣ ಒಬ್ಬನೇ. ಚಹಾ ತೆಗೆದುಕೊಳ್ಳುವಾಗ ಮೆಲ್ಲಗೆ ಅಂದ: "ನುಂಗ್ಕೋ ತಂಗಿ. ಕುರ್ಚಿಗೆ ಇನ್ನ ಹದಿನೈದ ದಿನ."

ಅದೇ ವಾರ ಬುಧವಾರ ಮಧ್ಯಾಹ್ನ ಸಾಹುಕಾರರು ರೊಟ್ಟಿ ಮುರಿಯುತ್ತಿದ್ದರು. ಸುಮತಿ ನೀರಿನ ತಂಬಿಗೆ ಹಿಡಿದು ನಿಂತಿದ್ದಳು. ಅವಳ ಜೇಬಿನಲ್ಲಿ ಫೋನು ಗುಂಯ್ ಎಂದಿತು; ಇನ್ನೊಂದು ಕೈಯಿಂದ ಹೊರತೆಗೆದಳು.

ಲ್ಯಾಪ್‌ಟಾಪು ಮೇಜಿನ ಮೇಲೆ ಮುಚ್ಚಿಕೊಂಡಿತ್ತು. ಅದರ ಮೇಲೆ ಉಪ್ಪಿನಕಾಯಿಯ ಡಬ್ಬಿ.

"ಸಾವಕಾರ್ರ..."

"ಉಣ್ಣಾಕ ಕುಂತಾಗ ಬಾಯಿ ತಗೀಬ್ಯಾಡ."

ಅವಳು ಮುಚ್ಚಿದ ಲ್ಯಾಪ್‌ಟಾಪನ್ನು ನೋಡಿದಳು, ಅವರ ಆಡುವ ದವಡೆಯನ್ನು ನೋಡಿದಳು. 'ಅಲ್ಲ' ಎಂಬುದು ಹೆಬ್ಬೆರಳಿನ ಕೆಳಗೇ ಇತ್ತು. ಬೆರಳನ್ನು ಸರಿಸಿ 'ಹೌದು' ಒತ್ತಿದಳು. ಆಮೇಲೆ ಲೋಟಕ್ಕೆ ನೀರು ಬಗ್ಗಿಸಿದಳು, ಒಂದು ಹನಿಯೂ ಚೆಲ್ಲಲಿಲ್ಲ.

ಹತ್ತು ದಿನಕ್ಕೆ ನಕ್ಷೆಗಳು ಹೊರಗಿನವರ ಕೈಯಲ್ಲಿ ಸಿಕ್ಕವು. ಕಂಪನಿಯ ಅಧಿಕಾರಿ ಬಂದು ಹಿಂದಿಯಲ್ಲಿ ಕೇಳಿದರು: ಹೋದ ವಾರ ಬುಧವಾರ ಮಧ್ಯಾಹ್ನ ಒಂದು ಗಂಟೆ ಹನ್ನೆರಡು ನಿಮಿಷಕ್ಕೆ ಹೊರಗಿನವನೊಬ್ಬ ನಿಮ್ಮ ಹೆಸರಿನಲ್ಲಿ ಒಳಬಂದ, 'ಹೌದು' ಎಂದವರು ಯಾರು? ಸಿದ್ದರಾಮಪ್ಪನವರ ಕಣ್ಣು ಚಹಾ ತಟ್ಟೆ ಹಿಡಿದಿದ್ದ ಸುಮತಿಯ ಮೇಲೆ ಬಿತ್ತು. ಅವಳ ಹೆಸರು ಹೇಳಿದರೆ ಸಹಿ ಸುಳ್ಳಾಗುತ್ತದೆ. ಸುಳ್ಳು ಸಹಿಗೆ ಪೊಲೀಸರು ಬರುತ್ತಾರೆ.

"ನಾನೇ," ಎಂದರು.

ಕಂಪನಿ ಆರ್ಡರನ್ನು ಕಿತ್ತುಕೊಂಡಿತು. ಅಧಿಕಾರಿಯ ಕಾರು ಹೋದ ಮೇಲೆ ಸಾಹುಕಾರರು ಬಾಗಿಲು ಹಾಕಿದರು.

"ನಿನಗ ಗೊತ್ತಿತ್ತು."

"ಕೇಳಬ್ಯಾಡ ಅಂದಿದ್ರಲ್ರೀ."

ಅವರು ಮೊದಲ ಸಲ ಕನ್ನಡಕವನ್ನು ತಾವೇ ಒರೆಸಿಕೊಂಡರು. "ಬಾಯಿ ಮುಚ್ಚಿಕೊಂಡಿರ್ತೀಯೇನು?"

"ಕುರ್ಚಿ ಕೊಡ್ರಿ."

ಮರುದಿನ ಸುಮತಿ ಕುರ್ಚಿಯಲ್ಲಿ ಕೂತಳು. ಮೊದಲ ಕೆಲಸವಾಗಿ ಸಾಹುಕಾರರು ಒಂದು ಚೀಟಿ ಕೊಟ್ಟರು. ಆರ್ಡರು ಹೋದದ್ದಕ್ಕೆ ಕೆಲಸ ಬಿಡಿಸುವ ಒಂಬತ್ತು ಮಂದಿಯ ಹೆಸರು, ವಯಸ್ಸಾದವರು ಮೊದಲು. ಅವಳು ಒಂದೊಂದೇ ಅಕ್ಷರ ಹುಡುಕಿ ಒತ್ತತೊಡಗಿದಳು.

ಸುಬ್ಬಣ್ಣ ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲಲ್ಲಿ ನಿಂತ. ಇಂದು ಅವನೇ ಎರಡು ಲೋಟ ಚಹಾ ತಂದಿದ್ದ.

"ಕುರ್ಚಿ ಸಿಕ್ತಲ್ಲವ್ವಾ! ನಾ ಹೇಳಿದ್ದಿಲ್ಲೇನು? ಏನ್ ಬರಿಯಾಕತ್ತೀ, ನೋಡೂಣು."

"ಏನಿಲ್ಲ ಕಾಕಾ," ಎಂದಳು ಸುಮತಿ. ಚಹಾ ತೆಗೆದುಕೊಂಡು, ಕಂಪ್ಯೂಟರಿನ ಪರದೆಯನ್ನು ಗೋಡೆಯ ಕಡೆ ಒಂದು ಗೇಣು ತಿರುಗಿಸಿದಳು.