ಮೂರು ಅಚ್ಚುಮೊಳೆ

ಮೊಳೆ ಜೋಡಿಸುವವನಿಗೆ ಮೂವತ್ತು ವರ್ಷದಿಂದ ಒಂದೇ ಕಸುಬು: ಸೀಸದ ಅಚ್ಚುಮೊಳೆಗಳನ್ನು ಹೆಕ್ಕಿ ಸಾಲು ಕಟ್ಟುವುದು, ಅಚ್ಚಾದ ಮೇಲೆ ಮತ್ತೆ ಅವುಗಳ ಗೂಡಿಗೆ ಹಾಕುವುದು. ಆಳುವವರ ಜನ್ಮ ಜಾಲಾಡಿದ ಕರಪತ್ರಕ್ಕೂ ಮೊಳೆ ಕಟ್ಟಿದ್ದು ಅವನೇ, ಬರೆದವಳು ಅವನ ಅಕ್ಕ. ಪ್ರೆಸ್ಸು ಜಪ್ತಿಮಾಡಿ ಅವನನ್ನು ಕಚೇರಿಗೆ ಹಿಡಿದು ತಂದ ಅಧಿಕಾರಿಗೆ ಬೇಕಿದ್ದದ್ದು ಬರೆದವರ ಹೆಸರು. ಹೇಳಿದರೆ ಅಕ್ಕನಿಗೆ ಗಲ್ಲು, ಹೇಳದಿದ್ದರೆ ತನ್ನ ಚರ್ಮ ಸುಲಿಯುತ್ತಾರೆ.

ಚಿಕ್ಕಂದಿನಲ್ಲಿ ಅಕ್ಕ ಓದಿ ಹೇಳಿದ್ದ ಬೈಬಲ್ಲಿನ ಕಥೆ ನೆನಪಾಯಿತು. ಮುಂದೆ ರಾಜನಾಗಲಿದ್ದ ಕುರುಬನೊಬ್ಬ ಶತ್ರುವಿನ ಊರಲ್ಲಿ ಸಿಕ್ಕಿಬಿದ್ದು, ಬಾಗಿಲು ಕೆರೆದು, ಗಡ್ಡಕ್ಕೆ ಜೊಲ್ಲು ಸುರಿಸಿ, ಹುಚ್ಚನೆನಿಸಿಕೊಂಡು ಪಾರಾಗಿದ್ದ. ರಾಜನಿಗೇ ಅಡ್ಡಬಾರದ ಮಾನ ತನಗೇಕೆ ಎಂದು ಇವನೂ ಜೊಲ್ಲು ಬಿಟ್ಟ. ಕಚೇರಿಯ ಹಸಿರು ಬಾಗಿಲನ್ನು ಪರಪರ ಕೆರೆದ. ಹೆಸರು ಕೇಳಿದರೆ ಕುರ್ಚಿಯ ಕಾಲಿಗೆ ಬಿದ್ದ.

ಅಧಿಕಾರಿಯೇನು ಹಾಲು ಕುಡಿಯುವ ಮಗುವಲ್ಲ. ಜಪ್ತಿಯಾದ ಮೊಳೆಗಳಲ್ಲಿ ಒಂದು ಹಿಡಿ ಮೇಜಿನ ಮೇಲೆ ಚೆಲ್ಲಿ ಅವನ ಕೈಯನ್ನೇ ನೋಡುತ್ತ ಕೂತ. ಹಾಳು ಕೈ, ಅದಕ್ಕೆಲ್ಲಿ ಗೊತ್ತು ನಾಟಕ? ಬೆರಳುಗಳು ತಮ್ಮ ಪಾಡಿಗೆ ಕೆಲಸಕ್ಕಿಳಿದವು. ಅಕ್ಷರದ ಪಕ್ಕಕ್ಕೆ ಅಕ್ಷರ, ಒತ್ತಿನ ಪಕ್ಕಕ್ಕೆ ಒತ್ತು. ಅಧಿಕಾರಿ ನಕ್ಕಾಗಲೇ ಅವನಿಗೆ ಎಚ್ಚರವಾದದ್ದು.

"ಹುಚ್ಚನ ಕೈ ಬಲು ನೀಟು," ಎಂದ ಅಧಿಕಾರಿ.

ಕೈ ಕೆಡಿಸಿದ್ದನ್ನು ಬಾಯೇ ಸರಿಮಾಡಬೇಕಿತ್ತು. ಅವನು ಸಾಲಿನಿಂದ ಒಂದು, ಎರಡು, ಮೂರು ಮೊಳೆ ಎತ್ತಿ ಕಡಲೆಯಂತೆ ಬಾಯಿಗೆಸೆದು ಕಟಕಟ ಅಗಿದ. ಕಪ್ಪು ಜೊಲ್ಲು ಗಡ್ಡದಿಂದಿಳಿದು ಕಡತದ ಮೇಲೆ ಬಿತ್ತು. ನಾಲ್ಕನೆಯದನ್ನು ಅದೇ ಜೊಲ್ಲಿನಲ್ಲಿ ಅದ್ದಿ, ಅಮ್ಮ ತುತ್ತು ಕೊಡುವಷ್ಟು ಅಕ್ಕರೆಯಿಂದ ಅಧಿಕಾರಿಯ ತುಟಿಗೇ ಹಿಡಿದ.

"ಥೂ, ಇದು ಊಟಕ್ಕೆ ಕೂತಿದೆ ಕಣ್ರಯ್ಯ. ಆಚೆ ದಬ್ಬಿ," ಎಂದು ಅಧಿಕಾರಿ ಕಾವಲಿನವರಿಗೆ ಕೂಗಿದ.

ಅಕ್ಕನ ಅಡುಗೆಮನೆಯಲ್ಲಿ ಅವನು ದವಡೆಯೊಳಗಿನ ಮೂರು ಮೊಳೆಗಳನ್ನು ಉಗುಳಿದ. ಅಕ್ಕ ಅಳುತ್ತಲೇ ತೊಳೆದಳು. ಪ್ರೆಸ್ಸೇ ಹೋದ ಮೇಲೆ ಈ ಮೂರರಿಂದ ಏನಾಗುತ್ತೆ ಎಂದು ಕೇಳಿದಳು.

"ಸುಮ್ನೆ ತಿಂದಿಲ್ಲ ಅಕ್ಕ, ಆರಿಸ್ಕೊಂಡೇ ತಿಂದೆ. ಎರಡು ಅಕ್ಷರ, ಒಂದು ಒತ್ತು."

ಮೊಳೆಗಳನ್ನು ದಾರದಿಂದ ಬಿಗಿದು, ಮಸಿ ಹಚ್ಚಿ, ಅಂಗೈಯಲ್ಲಿ ಮುಚ್ಚಿಕೊಂಡ. ಮರುದಿನದಿಂದ ಹಾಡಹಗಲೇ ಜೊಲ್ಲು ಸುರಿಸುತ್ತ ಊರಿನ ಬಾಗಿಲುಗಳನ್ನೆಲ್ಲ ಕೆರೆಯುತ್ತ ಹೊರಟ. ಹುಚ್ಚನನ್ನು ಯಾರು ಲೆಕ್ಕಕ್ಕಿಡುತ್ತಾರೆ? ಕಾವಲಿನವರು ನಕ್ಕು ದಾರಿಬಿಟ್ಟರು. ವಾರ ತುಂಬುವಷ್ಟರಲ್ಲಿ ಪ್ರತಿ ಬಾಗಿಲಿನ ಮೇಲೂ, ಅಧಿಕಾರಿಯ ಹಸಿರು ಬಾಗಿಲಿನ ಮೇಲಂತೂ ಹತ್ತು ಕಡೆ, ಕಡಲೆಯಷ್ಟು ಚಿಕ್ಕದಾಗಿ ಒಂದೇ ಮಾತು ಅಚ್ಚಾಗಿತ್ತು: ಇಲ್ಲ.