ಹನ್ನೆರಡನೇ ಸೂಜಿ

ಅಜ್ಜಂಪುರಕ್ಕೆ ವಿಮಾನದ ಕೆಲಸ ಬಂದದ್ದು ಬಸ್ಸಿನಲ್ಲಿ.

ಬೆಂಗಳೂರಿನ ಮೇಘಯಾನ ಕಂಪನಿಯ ತಪಾಸಣೆ ಅಧಿಕಾರಿ ಓಂಕಾರಮೂರ್ತಿ, ನೆಂಟರ ಮದುವೆಗೆಂದು ಕಡೂರಿನಲ್ಲಿ ತರೀಕೆರೆ ಬಸ್ಸು ಹತ್ತಿದ್ದರು. ಕೂರಲು ಜಾಗ ಸಿಗಲಿಲ್ಲ. ನಿಂತವರಿಗೆ ನೋಡಲು ಬೇರೇನೂ ಇಲ್ಲದೆ ಎದುರಿನ ಸೀಟಿನ ಹೊಲಿಗೆಯನ್ನೇ ನೋಡುತ್ತ ಬೀರೂರು ದಾಟಿದರು. ಇರುವೆ ಸಾಲಿನಂಥ ಹೊಲಿಗೆ. ಮೂರು ವರ್ಷ ಜನ ಕೂತು, ಎದ್ದು, ತೂಕಡಿಸಿ, ಜಗಳವಾಡಿ ಎಳೆದಾಡಿದ್ದರೂ ಒಂದು ಎಳೆ ಬಿಟ್ಟಿರಲಿಲ್ಲ. "ಯಾರ್ರೀ ಇದನ್ನ ಹೊಲಿದೋರು?" ಎಂದರೆ ಕಂಡಕ್ಟರು, "ಹರಿದಿದ್ರೆ ದೂರಿನ ಪುಸ್ತಕ ಐತೆ, ಬರೀರಿ" ಎಂದ. ಹರಿದಿಲ್ಲವೆಂದೇ ಕೇಳುತ್ತಿದ್ದೇನೆ ಎಂದು ಅವನಿಗೆ ತಿಳಿಸಿಹೇಳುವಷ್ಟರಲ್ಲಿ ತರೀಕೆರೆ ಬಂದಿತ್ತು. ಹೊಲಿದವರು ಅಜ್ಜಂಪುರದ ಹೆಂಗಸರೆಂದು ಅಲ್ಲಿನ ನಿಲ್ದಾಣದಲ್ಲಿ ತಿಳಿಯಿತು.

ಹೀಗೆ 1984ರ ಬೇಸಿಗೆಯಲ್ಲಿ ಅಜ್ಜಂಪುರದ ಮಹಿಳಾ ಹೊಲಿಗೆ ಸಂಘದ ಹೆಸರು ವಿಮಾನ ಕಂಪನಿಯ ಕಡತ ಸೇರಿತು. ಸಂಘದ ಕಾರ್ಯದರ್ಶಿ ಮಲ್ಲಿಕಾಂಬ. ಕಡೂರಿನಲ್ಲಿ ಪಿಯುಸಿ ಓದಿ, ಊರಿಗೆ ಬಂದು, ಎರಡು ಹಳೇ ಮಿಷಿನ್ನಿನಿಂದ ಸಂಘ ಎಬ್ಬಿಸಿದವಳು. ಈಗ ಹದಿನಾಲ್ಕು ಹೆಂಗಸರು ಅಲ್ಲಿ ಹೊಲಿಯುತ್ತಿದ್ದರು. ಶಾಲೆಯ ಯೂನಿಫಾರಂ ಕಾಲ ಮುಗಿದರೆ ಅರ್ಧ ವರ್ಷ ಕೈ ಖಾಲಿ.

ಮೇಘಯಾನದವರು ಸಣ್ಣ ಊರುಗಳ ನಡುವೆ ಓಡಾಡಲು ಹತ್ತೊಂಬತ್ತು ಸೀಟಿನ ವಿಮಾನ ಕಟ್ಟುತ್ತಿದ್ದರು. ಹೆಸರು ಟಿಟ್ಟಿಭ. ಎರಡು ರೆಕ್ಕೆಗೆ ಎರಡು ಟರ್ಬೊಪ್ರಾಪ್ ಎಂಜಿನ್, ಅವುಗಳ ಮೂಗಿನಲ್ಲಿ ಪಂಖ. ಓಂಕಾರಮೂರ್ತಿ ಊರಿಗೆ ತಂದು ತೋರಿಸಿದ ಚಿತ್ರ ನೋಡಿ ಸಂಘದ ಕಾಂತಮ್ಮ, "ಅಲ್ಲ ಸಾರ್, ಸೆಕೆ ಆಗೋದು ಒಳಗೆ ಕೂತೋರಿಗೆ. ಫ್ಯಾನು ಹೊರಗ್ಯಾಕೆ ಹಾಕ್ಸಿದೀರಿ?" ಎಂದಳು. ಓಂಕಾರಮೂರ್ತಿ ನಗಲಿಲ್ಲ. ಟರ್ಬೈನು ತಿರುಗುವುದನ್ನು, ಅದು ಪಂಖವನ್ನು ತಿರುಗಿಸುವುದನ್ನು ಹತ್ತು ನಿಮಿಷ ವಿವರಿಸಿದರು. ಅವರು ರೈಲು ಹತ್ತಿದ ಮೇಲೆ ಕಾಂತಮ್ಮ ಅದೇ ಹತ್ತು ನಿಮಿಷವನ್ನು ಅವರದೇ ಗಂಟಲಿನಲ್ಲಿ, ನಡುನಡುವೆ ಕನ್ನಡಕ ಏರಿಸುತ್ತ, ಒಂದಕ್ಷರ ಬಿಡದೆ ಒಪ್ಪಿಸಿದಳು. ಊರಿನಲ್ಲಿ ಅವಳ ಗಂಟಲಿಗೆ ಸಿಕ್ಕದವರು ಇರಲಿಲ್ಲ. ಸತ್ತ ಮಾವನ ಕೆಮ್ಮನ್ನೂ ಅವಳು ಬಿಟ್ಟವಳಲ್ಲ.

ಮೊದಲ ವಿಮಾನಕ್ಕೆ ಮೂವತ್ತೆಂಟು ಗವಸು: ಸೀಟಿಗೆ ಕೂರಲೊಂದು, ಒರಗಲೊಂದು. ಅವು ಪಾಸಾದರೆ ಇನ್ನೂ ಇಪ್ಪತ್ತು ವಿಮಾನದ ಗವಸು ಸಂಘಕ್ಕೇ. ಅಂದರೆ ಹದಿನಾಲ್ಕು ಮನೆಗೆ ನಾಲ್ಕು ವರ್ಷದ ಕೆಲಸ. ಷರತ್ತು ಒಂದೇ, ಅದೂ ವಿಚಿತ್ರದ್ದು. ಅಂಚು ಮುಚ್ಚಲು ಕಂಪನಿ ಕೊಟ್ಟ ಹನ್ನೆರಡು ಕೈಸೂಜಿ ಪ್ರತಿ ಸಂಜೆ ಡಬ್ಬಿಗೆ ಮರಳಬೇಕು. ಮುರಿದರೆ ಎರಡೂ ತುಂಡು ಹುಡುಕಿ ಕಾಗದಕ್ಕೆ ಅಂಟಿಸಬೇಕು. ಕೊನೆಗೆ, ಎಲ್ಲ ಸೂಜಿಯೂ ಲೆಕ್ಕಕ್ಕೆ ಸಿಕ್ಕಿದೆ ಎಂದು ಕಾರ್ಯದರ್ಶಿ ಸಹಿ ಹಾಕಬೇಕು.

"ವಿಮಾನದಲ್ಲಿ ಕಳೆದುಹೋಯಿತು ಅನ್ನೋದಿಲ್ಲ ಮೇಡಂ," ಎಂದಿದ್ದರು ಓಂಕಾರಮೂರ್ತಿ. "ಎಲ್ಲೋ ಇದೆ ಅಂತ ಅರ್ಥ. ಆ ಎಲ್ಲೋ ಎಲ್ಲಿ ಅನ್ನೋದು ನಮಗೆ ಗೊತ್ತಿರಬೇಕು."

ಎರಡು ತಿಂಗಳು ಡಬ್ಬಿಯಲ್ಲಿ ಹನ್ನೆರಡಿತ್ತು. ತಪಾಸಣೆಯ ದಿನ ಬೆಳಿಗ್ಗೆ ಮಲ್ಲಿಕಾಂಬ ಮುಚ್ಚಳ ತೆಗೆದು ಎಣಿಸಿದಾಗ ಹನ್ನೊಂದಿತ್ತು.

ಅಂಗೈ ಮೇಲೆ ಸುರಿದುಕೊಂಡು ಮತ್ತೆ ಎಣಿಸಿದಳು. ಹನ್ನೊಂದೇ.

ಹಿಂದಿನ ಸಂಜೆ ಕೆಲಸ ದೀಪ ಹಚ್ಚುವ ಹೊತ್ತು ಮೀರಿ ನಡೆದಿತ್ತು. ಕೊನೆಯ ಗವಸುಗಳನ್ನು ಮುಗಿಸಿ, ಪ್ಲಾಸ್ಟಿಕ್ ಚೀಲಕ್ಕೆ ತುರುಕಿ, ಎಲ್ಲರೂ ಎದ್ದುಹೋಗಿದ್ದರು. ಎರಡು ತಿಂಗಳಲ್ಲಿ ಅದೊಂದೇ ಸಂಜೆ ಅವಳು ಎಣಿಸಿರಲಿಲ್ಲ.

"ಎಲ್ಲಾ ಬನ್ರೇ ಇಲ್ಲಿ. ಸೆರಗು ಒದರಿ. ಬಳೆ ನೋಡ್ಕೊಳ್ಳಿ, ತಾಳಿ ನೋಡ್ಕೊಳ್ಳಿ."

ಹದಿಮೂರು ಹೆಂಗಸರ ಬಳೆ, ತಾಳಿಗಳಿಂದ ಇಪ್ಪತ್ತೆರಡು ಪಿನ್ನು ಉದುರಿದವು. ಸೂಜಿ ಉದುರಲಿಲ್ಲ. ಹದಿನಾಲ್ಕನೆಯವಳು ಬುಕ್ಕಾಂಬುಧಿಯ ತಿಮ್ಮಕ್ಕ, ಸಂಘಕ್ಕೆಲ್ಲ ಹಿರಿಯಳು. ಮೊಮ್ಮಗಳ ತೊಟ್ಟಿಲಿಗೆಂದು ನಸುಕಿನ ಬಸ್ಸಿಗೇ ಪಂಚನಹಳ್ಳಿಗೆ ಹೋಗಿದ್ದಳು.

ನೆಲ ಗುಡಿಸಿದರು. ಕಸವನ್ನು ಮೊರದಲ್ಲಿ ಕೇರಿದರು. ಆಗ ಬಂದರು ಸಂಘದ ಅಧ್ಯಕ್ಷೆ ತೀರ್ಥಮ್ಮ, ಪೇಟೆಯ ಬಟ್ಟೆ ಅಂಗಡಿಯವರ ಮನೆಯವರು. ಸಂಗತಿ ಕೇಳಿ ಜೋರಾಗಿ ನಕ್ಕುಬಿಟ್ಟರು.

"ಅಯ್ಯೋ ನಿನ್ನ! ಇಷ್ಟಕ್ಕೆ ಮುಖ ಹಿಂಗ್ ಮಾಡ್ಕೊಂಡಿದೀಯಾ? ನಮ್ಮ ಅಂಗಡೀಲಿ ಇಂಥವೇ ಒಂದು ಪೊಟ್ಟಣ ಅವೆ. ಒಂದು ತಂದು ಹಾಕಿದ್ರಾಯ್ತು."

"ಆ ಸೂಜಿ ಅಲ್ವಲ್ಲ ಅಮ್ಮಾ ಅದು."

"ಸೂಜಿಗೇನು ಜಾತಕ ಇರ್ತದಾ ಮಲ್ಲಿಕಾ? ಹನ್ನೆರಡು ಅಂದ್ರೆ ಹನ್ನೆರಡು."

ಮಲ್ಲಿಕಾಂಬ ಮೊದಲ ಚೀಲ ಬಿಚ್ಚಿದಳು. "ಇಬ್ಬಿಬ್ರು ಕೂತ್ಕೊಳ್ಳಿ. ಒಂದೊಂದು ಅಂಚೂ ಬೆರಳಲ್ಲಿ ಒತ್ತಿ ನೋಡಿ. ಅವಸರ ಬೇಡ. ನೋಡಿದ್ದು ಈ ಕಡೆ, ನೋಡದೇ ಇರೋದು ಆ ಕಡೆ."

"ಮೂವತ್ತೆಂಟೂನಾ? ರೈಲು ಹನ್ನೆರಡೂವರೆಗೆ ಬರ್ತದೆ ಕಣೇ!"

"ರೈಲು ಬರ್ಲಿ ಅಮ್ಮಾ. ನಾವು ಇಲ್ಲೇ ಇರ್ತೀವಿ."

ತೀರ್ಥಮ್ಮ ಮುಖ ಊದಿಸಿಕೊಂಡು ಅಂಗಡಿಯ ಕಡೆ ನಡೆದರು.

ಅಂಚಿಗೆಲ್ಲ ಒಳಗೆ ದಪ್ಪ ಹುರಿ ಇಟ್ಟು ಹೊಲಿದಿದ್ದರಿಂದ ಸೂಜಿ ಅದರುದ್ದಕ್ಕೆ ಮಲಗಿದ್ದರೆ ಕಣ್ಣಿಗೆ ಕಾಣುವಂತಿರಲಿಲ್ಲ. ಒಂದು ಗವಸಿಗೆ ಅರ್ಧ ಗಂಟೆ ಹಿಡಿಯುತ್ತಿತ್ತು. ಹತ್ತಾಯಿತು, ಹನ್ನೊಂದಾಯಿತು.

"ನಿನ್ನೆ ಸಂಜೆ ಯಾರು ಏನು ಮಾಡ್ತಿದ್ರು ಅಂತ ನೆನಪಾದ್ರೂ ಮಾಡ್ಕೊಳ್ರೇ," ಎಂದಳು ಮಲ್ಲಿಕಾಂಬ.

ನೆನಪು ಮಾಡಿಕೊಳ್ಳುವುದೆಂದರೆ ಕಾಂತಮ್ಮನಿಗೆ ಮಾಡಿ ತೋರಿಸುವುದು. ಗವಸು ಒತ್ತುತ್ತಲೇ ಶುರುಮಾಡಿದಳು. ಮೊದಲು ಕರಿಯಮ್ಮನ ಆಕಳಿಕೆ. ಆಮೇಲೆ ದ್ಯಾಮಮ್ಮ ಸೊಳ್ಳೆಗೆ ಹಾಕಿದ ಶಾಪ. ಎಲ್ಲರೂ ನಕ್ಕರು. ಆಮೇಲೆ ತಿಮ್ಮಕ್ಕನ ಬೊಚ್ಚು ಬಾಯಿ: "ತಗಳವ್ವಾ ಮಲ್ಲಿಕವ್ವಾ, ನಂದಾತು. ಇದ್ನ ಇಸ್ಕಂಬುಡು."

ಕಾಂತಮ್ಮ ಅಲ್ಲಿಗೆ ನಿಲ್ಲಿಸಿದಳು. ಕೈಯೂ ನಿಂತಿತು.

"ಆಮೇಲೆ?" ಎಂದಳು ಮಲ್ಲಿಕಾಂಬ.

"ಬ್ಯಾಡ ಬಿಡಕ್ಕಾ."

"ಹೇಳೇ."

ಕಾಂತಮ್ಮ ತಲೆ ಎತ್ತದೆ, ಕೊಂಚ ಮೂಗಿನಲ್ಲಿ, ಕೊಂಚ ಗತ್ತಿನಲ್ಲಿ ನುಡಿದಳು: "ಅಯ್ಯೋ, ದೀಪ ಹಚ್ಚಾಯ್ತಲ್ಲ ತಿಮ್ಮಕ್ಕಾ. ಈಗ ಬೇಡ. ಅಲ್ಲೇ ಚುಚ್ಚಿಡು, ಬೆಳಿಗ್ಗೆ ಕೊಡುವಂತೆ."

ಆ ದನಿ ಯಾರದೆಂದು ಯಾರೂ ಕೇಳಬೇಕಾಗಿರಲಿಲ್ಲ. ದೀಪ ಹಚ್ಚಿದ ಮೇಲೆ ಸೂಜಿಯನ್ನು ಕೈಯಿಂದ ಕೈಗೆ ಕೊಡಬಾರದು, ಹೆಸರೂ ಎತ್ತಬಾರದು ಎಂಬುದು ಆ ಸೀಮೆಯ ಎಲ್ಲ ಮನೆಗಳ ಮಾತು. ಮಲ್ಲಿಕಾಂಬ ಅದನ್ನು ಮೂಢನಂಬಿಕೆ ಎಂದು ನಗೆಯಾಡುತ್ತಿದ್ದವಳು. ನಗೆಯಾಡುತ್ತಿದ್ದದ್ದು ಬಾಯಿ. ಕೈ ಮಾತ್ರ ಅಮ್ಮ ಕಲಿಸಿದಂತೆಯೇ ಹಿಂದೆ ಸರಿದಿತ್ತು. ಅವಳು ಹೇಳಿದಂತೆಯೇ ತಿಮ್ಮಕ್ಕ ಮಾಡಿದ್ದಳು. ಮಡಿಲಲ್ಲಿದ್ದ ಗವಸಿನಲ್ಲೇ ಚುಚ್ಚಿಟ್ಟಿದ್ದಳು. ಅದು ಚೀಲ ಸೇರಿತ್ತು.

"ಸೂಜಿ ಈ ಗವಸುಗಳಲ್ಲೇ ಇದೆ," ಎಂದಳು ಮಲ್ಲಿಕಾಂಬ. "ಒತ್ತಿ."

ಹನ್ನೆರಡೂವರೆಯ ರೈಲು ಅಂದು ಹೊತ್ತಿಗೆ ಸರಿಯಾಗಿಯೇ ಬಂತು. ಓಂಕಾರಮೂರ್ತಿ ಒಳಬಂದಾಗ ನೋಡಿದ ಕಡೆ ಇಪ್ಪತ್ತೊಂಬತ್ತು, ನೋಡದ ಕಡೆ ಒಂಬತ್ತು. ಮಲ್ಲಿಕಾಂಬ ಏಳುವ ಮೊದಲೇ ತೀರ್ಥಮ್ಮ ಎಳನೀರು ಕೊಟ್ಟು, ಡಬ್ಬಿಯನ್ನು ಅವರ ಮುಂದಿಟ್ಟಾಗಿತ್ತು.

ಅವರು ಮೇಜಿನ ಮೇಲೆ ಒಂದೊಂದಾಗಿ ಜೋಡಿಸಿ ಎಣಿಸಿದರು. "ಹತ್ತು, ಹನ್ನೊಂದು, ಹನ್ನೆರಡು. ಸರಿಯಿದೆ. ಸಹಿ ಮಾಡಿ ಮೇಡಂ." ಕಾಗದ ಅವಳ ಕಡೆ ತಿರುಗಿತು. ತೀರ್ಥಮ್ಮ ಕಣ್ಣಿನಲ್ಲೇ ಪೆನ್ನು ತೋರಿಸಿದರು. ಹದಿಮೂರು ಜನ ಗವಸು ಬಿಟ್ಟು ಪೆನ್ನನ್ನೇ ನೋಡುತ್ತಿದ್ದರು.

ಮಲ್ಲಿಕಾಂಬ ಪೆನ್ನು ತೆಗೆದುಕೊಂಡಳು. ಹೊಳಪು ಹೆಚ್ಚಿದ್ದ ಒಂದು ಸೂಜಿಯನ್ನು ಪೆನ್ನಿನ ತುದಿಯಿಂದ ಬದಿಗೆ ಸರಿಸಿದಳು.

"ಇದು ನಮ್ಮ ಅಧ್ಯಕ್ಷರ ಅಂಗಡೀದು ಸಾರ್. ನಮ್ಮ ಹತ್ರ ಇರೋದು ಹನ್ನೊಂದೇ. ಹನ್ನೆರಡನೇದು ಆ ಒಂಬತ್ತು ಗವಸಿನಲ್ಲಿ ಎಲ್ಲೋ ಇದೆ. ಇಡೋಕೆ ಹೇಳಿದೋಳು ನಾನೇ."

"ಹಾಳಾಗೋಯ್ತು," ಎಂದರು ತೀರ್ಥಮ್ಮ.

ಓಂಕಾರಮೂರ್ತಿ ಕನ್ನಡಕ ಏರಿಸಿದರು. "ನನ್ನ ರೈಲು ಐದಕ್ಕೆ. ಅಷ್ಟರಲ್ಲಿ ಸಿಗದಿದ್ದರೆ ಮೂವತ್ತೆಂಟೂ ರಿಜೆಕ್ಟ್."

"ಸಿಗ್ತದೆ ಸಾರ್," ಎಂದು ಅವಳು ನೆಲದ ಮೇಲೆ ಕೂತಳು.

ಅವರೂ ಕೋಟು ಕಳಚಿ ಎದುರಿಗೆ ಕೂತರು. ಮೂವತ್ತು. ಮೂವತ್ತೊಂದು. ಮೂವತ್ತೆರಡು. ಅವರು ಒತ್ತುತ್ತಿದ್ದುದನ್ನು ನೋಡಿ ಕಾಂತಮ್ಮ ಮೆಲ್ಲಗೆ, "ಸಾರ್, ಹಿಟ್ಟು ನಾದೋ ಹಂಗೆ ಒತ್ತಬ್ಯಾಡಿ, ನಾಡಿ ನೋಡೋ ಹಂಗೆ" ಎಂದಳು. ಅವರು ಕೇಳಲಿಲ್ಲ. ಮೂವತ್ತಾರನೆಯದರ ಅಂಚನ್ನು ಹೆಬ್ಬೆರಳಿನಿಂದ ಬಲವಾಗಿ ಅದುಮಿದರು.

"ಅಯ್ಯಯ್ಯಪ್ಪೋ ಸತ್ತೆ!"

ಅಪ್ಪಟ ಹಳ್ಳಿಯ ಕೂಗು. ಕಂಪನಿಯ ನಿಯಮಾವಳಿಯಲ್ಲಿ ಎಲ್ಲೂ ಇಲ್ಲದ್ದು. ಕರಿಯಮ್ಮನಿಗೆ ನಗು ತಡೆಯಲಾಗಲಿಲ್ಲ. ಅಲ್ಲಿಂದ ಅದು ಹದಿಮೂರು ಜನಕ್ಕೂ ಹಬ್ಬಿತು; ಕೊನೆಗೆ ಓಂಕಾರಮೂರ್ತಿಯೂ ರಕ್ತದ ಬೆರಳು ಬಾಯಿಗಿಟ್ಟುಕೊಂಡೇ ನಕ್ಕರು. ಮಲ್ಲಿಕಾಂಬ ನಗಲಿಲ್ಲ. ಅಂಚು ಬಿಚ್ಚಿ, ಹುರಿಯೊಳಗೆ ಮಲಗಿದ್ದ ಸೂಜಿಯನ್ನು ಎಳೆದು, ಬೆಳಕಿಗೆ ಹಿಡಿದು, ತುದಿ ಮುರಿದಿಲ್ಲವೆಂದು ನೋಡಿ ಮೇಜಿನ ಮೇಲಿಟ್ಟಳು. ಉಳಿದ ಎರಡು ಗವಸನ್ನೂ ಬಿಡದೆ ಒತ್ತಿ ಮುಗಿಸಿದಳು.

ನಮೂನೆಯಲ್ಲಿ 'ಕಾರಣ' ಎಂಬ ಜಾಗವಿತ್ತು. "ದೀಪ ಹಚ್ಚಿದ ಮೇಲೆ ನಮ್ಮಲ್ಲಿ ಸೂಜಿ ಕೈಗೆ ಕೊಡುವುದಿಲ್ಲ. ಕಾರ್ಯದರ್ಶಿ ಇಸಿದುಕೊಳ್ಳಲಿಲ್ಲ" ಎಂದು ಬರೆದಳು. ಅದರ ಕೆಳಗೆ 'ಪರಿಹಾರ'.

"ಇನ್ಮೇಲೆ ಆ ನಂಬಿಕೆ ಬಿಡ್ತೀವಿ ಅಂತ ಬರೀರಿ," ಎಂದರು ಓಂಕಾರಮೂರ್ತಿ.

"ಬರೀಬಹುದು ಸಾರ್. ಆದ್ರೆ ಕೈ ಕೇಳಲ್ಲ." ಅವಳು ಸ್ವಲ್ಪ ಯೋಚಿಸಿ, ಒಂದು ಹಲಗೆಯ ಚಿತ್ರ ಬರೆದಳು. ಅದರಲ್ಲಿ ಹನ್ನೆರಡು ತೂತು. "ಬಾಗಿಲ ಪಕ್ಕ ಇದನ್ನ ಹೊಡೀತೀವಿ. ಯಾರೂ ಯಾರ ಕೈಗೂ ಕೊಡೋದು ಬೇಡ, ಹೆಸರೂ ಹೇಳೋದು ಬೇಡ. ತೂತಿಗೆ ಸಿಕ್ಕಿಸಿ ಹೋಗೋದು. ಒಂದು ತೂತು ಖಾಲಿ ಇದ್ರೆ ಬಾಗಿಲು ತೆಗೆಯಲ್ಲ."

ಅವರು ಆ ಚಿತ್ರವನ್ನು ಬಹಳ ಹೊತ್ತು ನೋಡಿದರು. ಅದರಂತೆಯೇ ಒಂದು ನಕಲು ಬರೆಸಿಕೊಂಡು ಕಿಸೆಗಿಟ್ಟರು. ಮೂವತ್ತೇಳು ಗವಸಿಗೆ ಮುದ್ರೆ ಬಿತ್ತು.

"ಬಿಚ್ಚಿದ್ದು ಹೋಯಿತು. ಹೊಸದೊಂದು ಗುರುವಾರಕ್ಕೆ ಬೇಕು. ಅದರ ಜೊತೆ ಹಲಗೇನೂ ನೋಡ್ತೀನಿ. ಇಪ್ಪತ್ತು ವಿಮಾನದ ಕಾಗದ ಆವತ್ತೇ ತರ್ತೀನಿ."

"ಬುಧವಾರಕ್ಕೇ ಆಗಿರುತ್ತೆ ಸಾರ್."

ಮರುದಿನ ಬೆಳಿಗ್ಗೆ ತಿಮ್ಮಕ್ಕ ತೊಟ್ಟಿಲ ಮನೆಯ ಸಿಹಿಗಡುಬು ಕಟ್ಟಿಕೊಂಡು ಬಂದಳು. ಬಡಗಿ ದೇವೀರಪ್ಪ ಬಾಗಿಲ ಪಕ್ಕ ಹಲಗೆ ಹೊಡೆಯುತ್ತಿದ್ದ. ಮಲ್ಲಿಕಾಂಬ ಹೊಸ ಗವಸಿನ ಬಟ್ಟೆ ಕತ್ತರಿಸುತ್ತಿದ್ದಳು.

"ಮಲ್ಲಿಕವ್ವಾ, ಬೆಳಕರೀತಲ್ಲ. ನಾ ಚುಚ್ಚಿಟ್ಟಿದ್ನಲ್ಲ ಸೂಜಿ, ಎಲ್ಲೈತೆ? ಕೊಟ್ಬುಡ್ತೀನಿ."

"ಅದು ಬೆಂಗಳೂರಿಗೆ ಹೋಯ್ತು ತಿಮ್ಮಕ್ಕಾ. ಕಾರಣ ಬರೆದ ಕಾಗದಕ್ಕೇ ಅಂಟಿಸ್ಕೊಂಡು, ರೈಲಲ್ಲಿ."

"ಯಾರ ಕೈಲಿ ಕೊಟ್ಟೆ?"

"ಆ ಸಾಹೇಬರ ಕೈಲಿ."

ತಿಮ್ಮಕ್ಕ ಗಾಬರಿಯಿಂದ ಗೂಡಿನಲ್ಲಿದ್ದ ದೀಪದ ಕಡೆ ತಿರುಗಿದಳು. "ಎಷ್ಟೊತ್ನಲ್ಲಿ?"

"ಹಗಲಲ್ಲೇ ತಿಮ್ಮಕ್ಕಾ," ಎಂದಳು ಮಲ್ಲಿಕಾಂಬ. "ಬಾ, ಕೂತ್ಕೋ. ಈ ಅಂಚು ನಿಂದು."